ಮೈತ್ರಿಯಲ್ಲಿ ಎದ್ದು ಹೋಗಬಲ್ಲವರದೇ ಮಾತು

2021ರ ನವೆಂಬರ್ 24ರ ಬೆಳಿಗ್ಗೆ ಸ್ವೀಡನ್ ಸಂಸತ್ತು ಮ್ಯಾಗ್ದಲೇನಾ ಆ್ಯಂಡರ್ಸನ್ ಅವರನ್ನು ಪ್ರಧಾನಿಯಾಗಿ ಆರಿಸಿತು. ಆ ದೇಶಕ್ಕೆ ಅವರು ಮೊದಲ ಮಹಿಳಾ ಪ್ರಧಾನಿ. ಪರವಾಗಿ ಬಿದ್ದ ಮತ 117, ವಿರುದ್ಧ ಬಿದ್ದದ್ದು 174. 57 ಮಂದಿ ತಟಸ್ಥರು. ಇದು ಅಚ್ಚಿನ ತಪ್ಪಲ್ಲ. ಆ ಸದನದ ನಿಯಮವೇ ಹಾಗೆ: ಬಹುಮತ ನಿಮ್ಮ ಪರವಾಗಿ ಇರಲೇಬೇಕೆಂದಿಲ್ಲ, ವಿರುದ್ಧವಾಗಿ ಇರದಿದ್ದರೆ ಸಾಕು. 349 ಸದಸ್ಯರಲ್ಲಿ 175 ಜನ ‘ಬೇಡ’ ಎಂದಿದ್ದರೆ ಆಕೆ ಸೋಲುತ್ತಿದ್ದರು. ಒಂದು ಮತ ಕಡಿಮೆ ಬಿತ್ತು.

ಅಷ್ಟನ್ನು ಹೊಂದಿಸಲು ಆಕೆ ಎಡಪಕ್ಷದೊಂದಿಗೆ ಕೊನೇ ಗಳಿಗೆಯ ಒಪ್ಪಂದ ಮಾಡಿಕೊಂಡಿದ್ದರು. ಕಡಿಮೆ ಪಿಂಚಣಿ ಪಡೆಯುವ ವೃದ್ಧರಿಗೆ ಒಂದಿಷ್ಟು ಹೆಚ್ಚು ಕೊಡುತ್ತೇವೆ, ಪ್ರತಿಯಾಗಿ ನೀವು ತಟಸ್ಥರಾಗಿರಿ ಎಂಬುದು ಕರಾರು. ಎಡಪಕ್ಷ ಒಪ್ಪಿತು. ಇದನ್ನು ಕಂಡ ಸೆಂಟರ್ ಪಕ್ಷ ಮುನಿಯಿತು. ಪ್ರಧಾನಿ ಆಯ್ಕೆಗೆ ಅಡ್ಡ ಬರುವುದಿಲ್ಲ, ಆದರೆ ಎಡಕ್ಕೆ ಇಷ್ಟು ವಾಲಿದವರ ಬಜೆಟ್‌ಗೆ ಬೆಂಬಲ ಕೊಡುವುದೂ ಇಲ್ಲ ಎಂದಿತು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಅದೇ ದಿನ ಮಧ್ಯಾಹ್ನ ಸರ್ಕಾರದ ಬಜೆಟ್ ಬಿದ್ದು ವಿರೋಧ ಪಕ್ಷಗಳ ಬಜೆಟ್ ಪಾಸಾಯಿತು. ಬಲಪಂಥೀಯ ಸ್ವೀಡನ್ ಡೆಮಾಕ್ರಟರು ಕೈ ಆಡಿಸಿದ ಬಜೆಟ್ ಇಟ್ಟುಕೊಂಡು ಸರ್ಕಾರ ನಡೆಸಲಾರೆವು ಎಂದು ಗ್ರೀನ್ ಪಕ್ಷ ಸಂಪುಟದಿಂದ ಹೊರನಡೆಯಿತು. ಆಯ್ಕೆಯಾಗಿ ಏಳೆಂಟು ಗಂಟೆ ಕಳೆಯುವುದರೊಳಗೆ, ಅಧಿಕೃತವಾಗಿ ಅಧಿಕಾರ ವಹಿಸಿಕೊಳ್ಳುವ ಮುನ್ನವೇ, ಆ್ಯಂಡರ್ಸನ್ ರಾಜೀನಾಮೆ ಕೊಟ್ಟರು. ಐದು ದಿನ ಬಿಟ್ಟು ಮತ್ತೆ ಗೆದ್ದರು: ಪರ 101, ವಿರುದ್ಧ 173, ತಟಸ್ಥ 75. ಪರವಾದ ಮತ ಕಡಿಮೆಯಾಗಿದೆ, ಕುರ್ಚಿ ಗಟ್ಟಿಯಾಗಿದೆ! ಒಂದೇ ಪಕ್ಷದ ಅಲ್ಪಮತದ ಸರ್ಕಾರ ಕಟ್ಟಿಕೊಂಡು, ಎದುರಾಳಿಗಳು ಬರೆದ ಬಜೆಟ್‌ನಲ್ಲೇ ಆಡಳಿತ ಶುರುಮಾಡಿದರು.

ಮೈತ್ರಿ ರಾಜಕಾರಣದ ಬಗ್ಗೆ ನಾವು ಸಾಮಾನ್ಯವಾಗಿ ಆಡುವ ಮಾತುಗಳು ಈ ಒಂದು ದಿನದ ಮುಂದೆ ಸಪ್ಪೆ ಎನಿಸುತ್ತವೆ. ಫಲಿತಾಂಶ ಬಂದ ಕೂಡಲೇ ಟಿ.ವಿ. ಪರದೆಯ ಮೇಲೆ ‘ಮ್ಯಾಜಿಕ್ ನಂಬರ್’ ಬರುತ್ತದೆ. ಯಾರಿಗೆ ಯಾರನ್ನು ಕೂಡಿಸಿದರೆ ಗಡಿ ದಾಟುತ್ತದೆ ಎಂದು ಕೂಡುವ ಲೆಕ್ಕ ನಡೆಯುತ್ತದೆ. ಕೂಡುವ ಲೆಕ್ಕ ತಪ್ಪೇನಲ್ಲ, ಆದರೆ ಅದರಲ್ಲಿ ಅರ್ಧ ಕಥೆ ಮಾತ್ರ ಇದೆ. ಉಳಿದರ್ಧ ಕಳೆಯುವ ಲೆಕ್ಕ. ಇವರಲ್ಲಿ ಯಾರು ಎದ್ದು ಹೋದರೆ ಏನಾಗುತ್ತದೆ, ಎದ್ದು ಹೋದವರಿಗೆ ಬೇರೆಲ್ಲಾದರೂ ಜಾಗವಿದೆಯೇ, ಅವರು ಹೋಗುವುದಕ್ಕೆ ನಿಜಕ್ಕೂ ತಯಾರಿದ್ದಾರೆಯೇ? ಮೈತ್ರಿಯೊಳಗೆ ಖಾತೆ, ಕಾರ್ಯಕ್ರಮ, ಕಡೆಗೆ ಯಾರ ಮಾತು ನಡೆಯುತ್ತದೆ ಎಂಬುದೂ ಬಹುಪಾಲು ಇದರ ಮೇಲೇ ನಿಂತಿದೆ ಎಂಬುದು ನನ್ನ ವಾದ.

ನೂರು ಸ್ಥಾನಗಳ ಸದನ ಎಂದಿಟ್ಟುಕೊಳ್ಳಿ. ಒಂದು ಪಕ್ಷಕ್ಕೆ 48, ಇನ್ನೊಂದಕ್ಕೆ 44, ಮೂರನೆಯದಕ್ಕೆ 8. ಯಾವ ಎರಡು ಪಕ್ಷ ಸೇರಿದರೂ ಬಹುಮತ ಬರುತ್ತದೆ, ಒಂಟಿಯಾಗಿ ಯಾರಿಗೂ ಇಲ್ಲ. ಅಂದರೆ ಚೌಕಾಶಿಯ ಮೇಜಿನಲ್ಲಿ 8 ಸ್ಥಾನದವನಿಗೂ 48 ಸ್ಥಾನದವನಿಗೂ ಒಂದೇ ತೂಕ. ಈಗ ಒಂದು ಸಣ್ಣ ಬದಲಾವಣೆ ಮಾಡಿ: ಮೂರನೇ ಪಕ್ಷ ತನ್ನ ಮತದಾರರಿಗೆ ‘ಸತ್ತರೂ 44ರವನ ಜೊತೆ ಹೋಗೆವು’ ಎಂದು ಮಾತು ಕೊಟ್ಟುಬಿಟ್ಟಿದೆ. ಸ್ಥಾನ ಅಷ್ಟೇ ಇದ್ದರೂ ಅದರ ತೂಕ ಅಲ್ಲಿಗೇ ಇಳಿಯಿತು. ಬೇರೆ ದಾರಿ ಇಲ್ಲದವನಿಗೆ ಯಾರೂ ಹೆಚ್ಚು ಕೊಡುವುದಿಲ್ಲ.

ನ್ಯೂಜಿಲೆಂಡ್‌ನಲ್ಲಿ 2017ರಲ್ಲಿ ನಡೆದದ್ದು ಹೆಚ್ಚುಕಡಿಮೆ ಇದೇ. 120 ಸ್ಥಾನಗಳಲ್ಲಿ ನ್ಯಾಷನಲ್ ಪಕ್ಷಕ್ಕೆ 56, ಲೇಬರ್‌ಗೆ 46, ನ್ಯೂಜಿಲೆಂಡ್ ಫಸ್ಟ್‌ಗೆ 9, ಗ್ರೀನ್ಸ್‌ಗೆ 8. ಗ್ರೀನ್ಸ್ ಮೊದಲೇ ಲೇಬರ್ ಪಾಳೆಯದಲ್ಲಿ ಗುರುತಿಸಿಕೊಂಡಿದ್ದರು. ವಿನ್‌ಸ್ಟನ್ ಪೀಟರ್ಸ್ ಅವರ ನ್ಯೂಜಿಲೆಂಡ್ ಫಸ್ಟ್ ಎರಡೂ ಕಡೆ ಬಾಗಿಲು ತೆರೆದಿಟ್ಟು ವಾರಗಟ್ಟಲೆ ಮಾತಾಡಿತು. ಅಕ್ಟೋಬರ್ 19ರಂದು ಪೀಟರ್ಸ್ ನೇರ ಪ್ರಸಾರದಲ್ಲಿ ನಿರ್ಧಾರ ಹೇಳುವವರೆಗೂ ಪ್ರಧಾನಿ ಯಾರೆಂದು ದೇಶಕ್ಕೆ ಗೊತ್ತಿರಲಿಲ್ಲ. ಎರಡನೇ ಸ್ಥಾನದ ಲೇಬರ್ ಗದ್ದುಗೆ ಏರಿತು, ಜಸಿಂಡಾ ಆರ್ಡೆರ್ನ್ ಪ್ರಧಾನಿಯಾದರು. ಒಂಬತ್ತು ಸ್ಥಾನದ ಪೀಟರ್ಸ್‌ಗೆ ಉಪಪ್ರಧಾನಿ ಹುದ್ದೆ, ವಿದೇಶಾಂಗ ಖಾತೆ, ಜೊತೆಗೆ ಪ್ರಾಂತೀಯ ಅಭಿವೃದ್ಧಿಗೆಂದು ವರ್ಷಕ್ಕೆ 100 ಕೋಟಿ ಡಾಲರ್‌ನ ನಿಧಿ. ಎಂಟು ಸ್ಥಾನದ ಗ್ರೀನ್ಸ್ ಸಂಪುಟದ ಹೊರಗಿನ ಸಚಿವ ಸ್ಥಾನಗಳಿಗೆ ತೃಪ್ತಿಪಟ್ಟರು. ಒಂದು ಸ್ಥಾನದ ಅಂತರ ಇಷ್ಟು ದೊಡ್ಡ ವ್ಯತ್ಯಾಸ ಮಾಡಲಾರದು. ವ್ಯತ್ಯಾಸ ಮಾಡಿದ್ದು ತೆರೆದಿಟ್ಟ ಆ ಎರಡನೇ ಬಾಗಿಲು.

ರಾಜಕೀಯ ಶಾಸ್ತ್ರದವರ ಬಳಿ ಇದಕ್ಕೆ ತುಸು ಬೇರೆಯದೇ ಲೆಕ್ಕವಿದೆ. ಗೆಲ್ಲಲು ಬೇಕಾದಷ್ಟೇ ಜನರನ್ನು ಸೇರಿಸಿಕೊಳ್ಳುವುದು ಲಾಭ, ಹೆಚ್ಚು ಜನ ಸೇರಿದರೆ ಪಾಲು ತೆಳ್ಳಗಾಗುತ್ತದೆ ಎಂದು ಅಮೆರಿಕದ ವಿಲಿಯಂ ರೈಕರ್ 1962ರಲ್ಲಿ ವಾದಿಸಿದರು. ಪಾಲುದಾರರು ತಾವು ತಂದ ಬಲದ ಪ್ರಮಾಣದಲ್ಲೇ ಪಾಲು ನಿರೀಕ್ಷಿಸುತ್ತಾರೆ ಎಂದು ವಿಲಿಯಂ ಗ್ಯಾಮ್ಸನ್ 1961ರಲ್ಲಿ ಹೇಳಿದ್ದರು. ಯುರೋಪಿನ ಸಮ್ಮಿಶ್ರ ಸರ್ಕಾರಗಳ ಸಚಿವ ಸ್ಥಾನಗಳನ್ನು ಎಣಿಸಿ ನೋಡಿದಾಗ ಗ್ಯಾಮ್ಸನ್ ಮಾತು ಬಹಳ ಮಟ್ಟಿಗೆ ನಿಜವಾಯಿತು, ಸಣ್ಣ ಪಕ್ಷಗಳಿಗೆ ತುಸು ಹೆಚ್ಚೇ ಸಿಗುತ್ತದೆ ಎಂಬುದೊಂದು ಸೇರ್ಪಡೆ. ನನಗೆ ಅನಿಸುವುದು, ಕುರ್ಚಿಗಳ ಎಣಿಕೆ ಬೇರೆ, ಯಾವ ಕುರ್ಚಿ ಎಂಬುದು ಬೇರೆ. ಹಣಕಾಸು ಖಾತೆಯನ್ನೂ ಪ್ರವಾಸೋದ್ಯಮ ಖಾತೆಯನ್ನೂ ‘ಒಂದೊಂದು’ ಎಂದು ಎಣಿಸಿದರೆ ಪ್ರಮಾಣ ಸರಿಯಾಗಿಯೇ ಕಾಣುತ್ತದೆ.

ರೈಕರ್ ಸಿದ್ಧಾಂತ ಮುಗ್ಗರಿಸುವ ಜಾಗ ಸ್ವಿಟ್ಜರ್ಲೆಂಡ್. 1959ರಿಂದ ಅಲ್ಲಿನ ಏಳು ಸದಸ್ಯರ ಸರ್ಕಾರದಲ್ಲಿ ದೊಡ್ಡ ಪಕ್ಷಗಳೆಲ್ಲ ಬಹುತೇಕ ಸದಾ ಒಟ್ಟಿಗೆ ಕೂತಿವೆ. ಬೇಕಾದ್ದಕ್ಕಿಂತ ಎಷ್ಟೋ ದೊಡ್ಡ ಮೈತ್ರಿ. ಇದನ್ನು ಸ್ವಿಸ್ ಜನರ ಸೌಮ್ಯ ಸ್ವಭಾವಕ್ಕೆ ಹಚ್ಚುವವರಿದ್ದಾರೆ. ನಿಜವಾದ ಕಾರಣ ಜನಮತಗಣನೆ. ಸಂಸತ್ತು ಮಾಡಿದ ಕಾನೂನಿನ ವಿರುದ್ಧ ನೂರು ದಿನದೊಳಗೆ 50,000 ಸಹಿ ಸಂಗ್ರಹಿಸಿದರೆ ಅದು ಜನರ ಮತಕ್ಕೆ ಹೋಗಲೇಬೇಕು. ದೊಡ್ಡ ಪಕ್ಷವೊಂದನ್ನು ಹೊರಗಿಟ್ಟರೆ ಅದು ಪ್ರತಿ ಕಾನೂನನ್ನೂ ಬೀದಿಗೆ ಎಳೆಯಬಲ್ಲದು. ಹೊರಗಿದ್ದು ಕಾಟ ಕೊಡಬಲ್ಲವರನ್ನು ಒಳಗೆ ಕೂರಿಸಿಕೊಳ್ಳುವುದು ಅಗ್ಗ. ನಿಯಮ ಮೈತ್ರಿಯ ಗಾತ್ರವನ್ನೇ ಬದಲಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಭಾರತದ ನಿಯಮಗಳು ಇನ್ನೊಂದು ಬಗೆಯ ಆಟವನ್ನು ಹುಟ್ಟಿಸಿವೆ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಶಾಸಕನ ಕೈ ಕಟ್ಟುತ್ತದೆ, ಪಕ್ಷದ ಕೈ ಕಟ್ಟುವುದಿಲ್ಲ. ವಿಪ್ ಮೀರಿ ಮತ ಹಾಕಿದ ಒಬ್ಬ ಸದಸ್ಯ ಅನರ್ಹನಾಗುತ್ತಾನೆ. ಆದರೆ ಇಡೀ ಪಕ್ಷ ರಾತ್ರೋರಾತ್ರಿ ಮಗ್ಗಲು ಬದಲಿಸಿದರೆ ಕಾನೂನಿಗೆ ಸಂಬಂಧವಿಲ್ಲ, ಚುನಾವಣಾಪೂರ್ವ ಮೈತ್ರಿಯನ್ನು ನಂಬಿ ಮತ ಹಾಕಿದವರು ಮಿಕಿಮಿಕಿ ನೋಡಬೇಕು. ಶಾಸಕರೂ ಸುಮ್ಮನಿರಲಿಲ್ಲ, ರಾಜೀನಾಮೆ ಎಂಬ ಕಿಂಡಿ ಹುಡುಕಿಕೊಂಡರು. 2019ರ ಜುಲೈ 23ರಂದು ಕರ್ನಾಟಕದ ಜೆಡಿಎಸ್–ಕಾಂಗ್ರೆಸ್ ಸರ್ಕಾರ 99–105ರಲ್ಲಿ ವಿಶ್ವಾಸಮತ ಸೋತಾಗ ರಾಜೀನಾಮೆ ಕೊಟ್ಟ ಶಾಸಕರು ಸದನದಲ್ಲೇ ಇರಲಿಲ್ಲ. ಎದುರಾಳಿಗೆ ಮತ ಹಾಕುವ ಅಗತ್ಯವೇ ಬೀಳಲಿಲ್ಲ, ಬಾರದಿದ್ದದ್ದೇ ಸಾಕಾಯಿತು.

ಸರಿ, ಮೈತ್ರಿ ಕೂಡಿತು ಅನ್ನೋಣ. ಆಮೇಲೆ ಒಪ್ಪಂದ ಬರೆಯುವ ಕೆಲಸ. ಇದರಲ್ಲಿ ಜರ್ಮನ್ನರನ್ನು ಮೀರಿಸುವವರಿಲ್ಲ. 2021ರಲ್ಲಿ ಎಸ್‌ಪಿಡಿ, ಗ್ರೀನ್ಸ್, ಎಫ್‌ಡಿಪಿ ಎಂಬ ಮೂರು ಪಕ್ಷಗಳು ಸೇರಿ ಬರೆದ ಒಪ್ಪಂದ 177 ಪುಟ. ಹವಾಮಾನಕ್ಕೆ ಖರ್ಚು ಮಾಡಬೇಕು ಎಂದು ಗ್ರೀನ್ಸ್, ಸರ್ಕಾರದ ಸಾಲಕ್ಕೆ ಸಂವಿಧಾನ ಹಾಕಿದ ಮಿತಿ ಮುಟ್ಟಬಾರದು ಎಂದು ಎಫ್‌ಡಿಪಿ. ಕೋವಿಡ್‌ಗೆಂದು ಮಂಜೂರಾಗಿ ಉಳಿದಿದ್ದ 6,000 ಕೋಟಿ ಯೂರೊ ಸಾಲದ ಅವಕಾಶವನ್ನು ಹವಾಮಾನ ನಿಧಿಗೆ ತಿರುಗಿಸಿ ಇಬ್ಬರನ್ನೂ ಸಮಾಧಾನ ಮಾಡಲಾಯಿತು. 2023ರ ನವೆಂಬರ್ 15ರಂದು ಸಾಂವಿಧಾನಿಕ ನ್ಯಾಯಾಲಯ ಅದನ್ನು ರದ್ದು ಮಾಡಿತು. ಮೈತ್ರಿಯ ತಳ ಅಲ್ಲಿಗೇ ಕಳಚಿತು. ಆಮೇಲೆ ಒಂದು ವರ್ಷ ಮುಸುಕಿನ ಗುದ್ದಾಟ. 2024ರ ನವೆಂಬರ್ 6ರಂದು ಎಸ್‌ಪಿಡಿಯ ಚಾನ್ಸಲರ್ ಓಲಾಫ್ ಶೋಲ್ಸ್ ಎಫ್‌ಡಿಪಿಯ ಹಣಕಾಸು ಸಚಿವ ಕ್ರಿಸ್ಟಿಯನ್ ಲಿಂಡ್ನರ್ ಅವರನ್ನು ವಜಾ ಮಾಡಿದರು, ಸರ್ಕಾರ ಬಿತ್ತು. 177 ಪುಟಗಳಲ್ಲಿ ಬರೆದಿರದ ಒಂದು ವಿಷಯವೆಂದರೆ ದುಡ್ಡು ಸಾಲದೆ ಬಂದರೆ ಯಾರ ಆಸೆ ಮೊದಲು ಕತ್ತರಿಸಬೇಕು ಎಂಬುದು. ಅದನ್ನು ಬರೆಯಲು ಕೂತಿದ್ದರೆ ಬಹುಶಃ ಮೈತ್ರಿಯೇ ಆಗುತ್ತಿರಲಿಲ್ಲ.

ನೆದರ್‌ಲ್ಯಾಂಡ್ಸ್ ಕಥೆ ಇನ್ನೂ ವಿಚಿತ್ರ. 2021ರ ಮಾರ್ಚ್ ಚುನಾವಣೆಯ ನಂತರ ಸರ್ಕಾರ ರಚನೆಗೆ 299 ದಿನ ಹಿಡಿಯಿತು, ಅದು ಅಲ್ಲಿನ ದಾಖಲೆ. ಅಷ್ಟು ಕಾಲ ಮಾತಾಡಿ ಕಟ್ಟಿದ ಸರ್ಕಾರ 2023ರ ಜುಲೈನಲ್ಲಿ, ಅಂದರೆ ಒಂದೂವರೆ ವರ್ಷಕ್ಕೇ, ಆಶ್ರಯ ಕೋರಿ ಬರುವವರ ವಿಷಯದಲ್ಲಿ ಮುರಿದುಬಿತ್ತು. ನಂತರ ಬಂದದ್ದು 2025ರ ಜೂನ್ 3ರಂದು ಅದೇ ವಿಷಯದಲ್ಲಿ ಮುರಿಯಿತು. ಗೀರ್ಟ್ ವಿಲ್ಡರ್ಸ್ ತಮ್ಮ ಪಕ್ಷವನ್ನು ಹೊರಗೆಳೆದುಕೊಂಡರು. ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಎನ್ನುವಂತೆ, ಹೋಗಬೇಕು ಅಂದುಕೊಂಡವರಿಗೆ ಕಾರಣ ಸಿಕ್ಕೇ ಸಿಗುತ್ತದೆ. ಒಪ್ಪಂದ ಎಷ್ಟೇ ದಪ್ಪ ಇರಲಿ, ಅದು ಹೋಗುವವರನ್ನು ತಡೆಯುವುದಿಲ್ಲ. ಹೋಗುವುದನ್ನು ದುಬಾರಿ ಮಾಡುವುದಷ್ಟೇ ಅದರ ಕೈಲಾಗುವ ಕೆಲಸ.

ದುಬಾರಿ ಎಂದರೆ ಎಷ್ಟು? ಚುನಾವಣೆಯಲ್ಲಿ ಲೆಕ್ಕ ಸಿಗುತ್ತದೆ. ಲಿಂಡ್ನರ್ ಅವರ ಎಫ್‌ಡಿಪಿ 2025ರ ಫೆಬ್ರುವರಿಯಲ್ಲಿ ಶೇ 4.3ಕ್ಕೆ ಇಳಿದು, ಶೇ 5ರ ಹೊಸ್ತಿಲು ದಾಟಲಾಗದೆ ಸಂಸತ್ತಿನಿಂದಲೇ ಹೊರಬಿತ್ತು. ಭಾರತದಲ್ಲಿ ಅಣು ಒಪ್ಪಂದದ ಮೇಲೆ 2008ರ ಜುಲೈನಲ್ಲಿ ಯುಪಿಎಗೆ ಕೊಟ್ಟ ಬೆಂಬಲ ಹಿಂತೆಗೆದ ಎಡಪಕ್ಷಗಳಿಗೆ ಲೋಕಸಭೆಯಲ್ಲಿ ಸುಮಾರು 60 ಸ್ಥಾನಗಳಿದ್ದವು. ಸರ್ಕಾರ ಜುಲೈ 22ರಂದು 275–256ರಲ್ಲಿ ಬಚಾವಾಯಿತು. ಮರುವರ್ಷ ಎಡಪಕ್ಷಗಳು 24ಕ್ಕೆ ಬಂದವು. ಎದ್ದು ಹೋಗುತ್ತೇನೆ ಎಂಬ ಬೆದರಿಕೆಗೆ ಇರುವ ಬೆಲೆ ನಿಜವಾಗಿ ಎದ್ದು ಹೋದ ಮೇಲೆ ಇರುವುದಿಲ್ಲ. ಅದು ಒಂದೇ ಬಾರಿ ಹಾರುವ ಬಾಣ.

ಹಾಗೆಂದು ಕಚ್ಚಿಕೊಂಡು ಕೂತವರು ಉದ್ಧಾರವಾದರೇ ಎಂದರೆ ಅದೂ ಇಲ್ಲ. ಬ್ರಿಟನ್ನಿನ ಲಿಬರಲ್ ಡೆಮಾಕ್ರಟರನ್ನು ನೋಡಿ. 2010ರ ಮೇ 6ರಂದು ಚುನಾವಣೆ, 11ರಂದು ಕನ್ಸರ್ವೇಟಿವ್ ಪಕ್ಷದೊಂದಿಗೆ ಒಪ್ಪಂದ, ಐದೇ ದಿನ. ವಿಶ್ವವಿದ್ಯಾಲಯದ ಶುಲ್ಕ ಏರಿಸಲು ಬಿಡುವುದಿಲ್ಲ ಎಂದು ಅವರ ಅಭ್ಯರ್ಥಿಗಳು ಕ್ಯಾಮೆರಾ ಮುಂದೆ ಪ್ರತಿಜ್ಞೆಗೆ ಸಹಿ ಹಾಕಿದ್ದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರಿದ್ದ ಸರ್ಕಾರವೇ ಶುಲ್ಕದ ಮಿತಿಯನ್ನು 9,000 ಪೌಂಡ್‌ಗೆ, ಸುಮಾರು ಮೂರು ಪಟ್ಟಿಗೆ ಏರಿಸಿತು. ಇನ್ನೊಂದೆಡೆ ಆದಾಯ ತೆರಿಗೆ ವಿನಾಯಿತಿ ಮಿತಿಯನ್ನು 10,000 ಪೌಂಡ್‌ಗೆ ಏರಿಸಬೇಕು ಎಂಬ ಅವರದೇ ಬೇಡಿಕೆ ಈಡೇರಿತು, ಆದರೆ ಅದರ ಹೆಸರು ಕನ್ಸರ್ವೇಟಿವ್ ಪಕ್ಷಕ್ಕೂ ಹಂಚಿಹೋಯಿತು. ಕೆಟ್ಟದ್ದು ಪೂರ್ತಿ ತಮ್ಮ ತಲೆಗೆ, ಒಳ್ಳೆಯದು ಪಾಲಿಗೆ. 57 ಸ್ಥಾನಗಳಿದ್ದ ಪಕ್ಷ 2015ರಲ್ಲಿ 8ಕ್ಕೆ ಕುಸಿಯಿತು. ಎದ್ದು ಹೋಗುವ ಧೈರ್ಯ ಅವರಿಗಿಲ್ಲ ಎಂಬುದು ಮೊದಲ ವರ್ಷದಲ್ಲೇ ಎಲ್ಲರಿಗೂ ಗೊತ್ತಾಗಿಹೋಗಿತ್ತು ಎಂದು ನನ್ನ ಓದು.

ಚೌಕಾಶಿ ಮಾಡುವುದು ಹೇಗೆ ಎಂದು ಕೇಳಿದರೆ ನಾನು 2025ರ ಮಾರ್ಚ್‌ನ ಜರ್ಮನ್ ಗ್ರೀನ್ಸ್ ಕಡೆ ಕೈ ತೋರಿಸುತ್ತೇನೆ. ಅವರು ಚುನಾವಣೆ ಸೋತಿದ್ದರು, ಹೊಸ ಸರ್ಕಾರದಲ್ಲಿ ಅವರಿಗೆ ಜಾಗವೂ ಇರಲಿಲ್ಲ. ಆದರೆ ಸಾಲದ ಮಿತಿ ಸಡಿಲಿಸಲು, ಚಾನ್ಸಲರ್ ಆಗಲಿದ್ದ ಫ್ರೀಡ್ರಿಶ್ ಮೆರ್ಜ್‌ಗೆ ಮೂರನೇ ಎರಡರಷ್ಟು ಮತ ಬೇಕಿತ್ತು. ಹೊಸ ಸಂಸತ್ತು ಸೇರಿದರೆ ಅದು ಸಿಗುವಂತಿರಲಿಲ್ಲ, ಹಳೆಯ ಸಂಸತ್ತಿಗೆ ಕೆಲವೇ ದಿನ ಆಯುಸ್ಸು ಉಳಿದಿತ್ತು. ಗ್ರೀನ್ಸ್‌ಗೆ ಕಳೆದುಕೊಳ್ಳಲು ಏನೂ ಇರಲಿಲ್ಲ, ಮೆರ್ಜ್‌ಗೆ ಕಾಯಲು ಸಮಯವಿರಲಿಲ್ಲ. ಮೂಲಸೌಕರ್ಯಕ್ಕೆಂದು ತೆಗೆದಿಟ್ಟ 50,000 ಕೋಟಿ ಯೂರೊಗಳಲ್ಲಿ 10,000 ಕೋಟಿ ಹವಾಮಾನ ನಿಧಿಗೆ ಹೋಗಬೇಕು ಎಂದು ಬರೆಸಿಕೊಂಡೇ ಅವರು ಕೈ ಎತ್ತಿದರು. ಮಾರ್ಚ್ 18ರಂದು 489 ಬೇಕಿದ್ದ ಕಡೆ 513 ಮತ ಬಿದ್ದವು. ಮೂರು ವರ್ಷ ಅಧಿಕಾರದಲ್ಲಿದ್ದು ದಕ್ಕಿಸಿಕೊಳ್ಳಲಾಗದ್ದನ್ನು ಬಾಗಿಲ ಬಳಿ ನಿಂತು ಪಡೆದರು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಪಕ್ಷಗಳ ಮಾತು. ಸದನದ ಹೊರಗೂ ಮೈತ್ರಿಗಳಿವೆ: ಸಂಘ, ಒಕ್ಕೂಟ, ವೇದಿಕೆ, ಹೋರಾಟ ಸಮಿತಿ. ಇವುಗಳ ಬಳಿ ಹಂಚಲು ಖಾತೆಗಳಿಲ್ಲ, ಬೀಳಿಸಲು ಸರ್ಕಾರವೂ ಇಲ್ಲ. ಎದ್ದು ಹೋದರೆ ಯಾರಿಗೂ ಗೊತ್ತೇ ಆಗದಿರಬಹುದು. ಹಾಗಾದರೆ ಇವು ಯಾವುದರ ಬಲದ ಮೇಲೆ ನಿಲ್ಲುತ್ತವೆ?

1977ರ ಏಪ್ರಿಲ್ 5ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ಒಂದು ಸರ್ಕಾರಿ ಕಟ್ಟಡಕ್ಕೆ ಸುಮಾರು 150 ಅಂಗವಿಕಲರು ಮತ್ತು ಅವರ ಸಂಗಡಿಗರು ಹೋಗಿ ಕೂತರು. ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವಿಕಲರಿಗೆ ತಾರತಮ್ಯ ಮಾಡಬಾರದು ಎಂದು 1973ರ ಕಾನೂನಿನ 504ನೇ ಸೆಕ್ಷನ್ ಹೇಳುತ್ತಿತ್ತು. ನಾಲ್ಕು ವರ್ಷವಾದರೂ ಅದರ ನಿಯಮಾವಳಿಗೆ ಸಹಿ ಬಿದ್ದಿರಲಿಲ್ಲ. ಅವರ ಬೇಡಿಕೆ ಅಷ್ಟೇ, ಸಹಿ ಹಾಕಿ. ಒಳಗೆ ಕೂತವರಲ್ಲಿ ಗಾಲಿಕುರ್ಚಿಯವರಿದ್ದರು, ಅಂಧರಿದ್ದರು, ಕಿವುಡರಿದ್ದರು. ಹಾಸಿಗೆ ಇಲ್ಲ, ಔಷಧಿಯ ಅಭಾವ, ಸ್ನಾನಕ್ಕೆ ಸರಿಯಾದ ವ್ಯವಸ್ಥೆ ಇಲ್ಲ. ಅಧಿಕಾರಿಗಳು ಫೋನ್ ಸಂಪರ್ಕ ಕಡಿದಾಗ ಕಿವುಡ ಹೋರಾಟಗಾರರು ಕಿಟಕಿಯಲ್ಲಿ ನಿಂತು ಕೆಳಗಿದ್ದವರಿಗೆ ಕೈಭಾಷೆಯಲ್ಲಿ ಸುದ್ದಿ ಮುಟ್ಟಿಸಿದರು. ಕರಿಯರ ಹಕ್ಕಿಗಾಗಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಪ್ರತಿದಿನ ಬಿಸಿ ಊಟ ಹೊತ್ತು ತಂದರು. ನಿಯೋಗವೊಂದು ರಾಜಧಾನಿ ವಾಷಿಂಗ್ಟನ್‌ಗೆ ಹೋದಾಗ ಓಡಾಟಕ್ಕೆ ನೆರವಾದದ್ದು ಯಂತ್ರ ಕಾರ್ಮಿಕರ ಯೂನಿಯನ್. ಏಪ್ರಿಲ್ 28ರಂದು ಸಹಿ ಬಿತ್ತು.

ಈ ಘಟನೆಯಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ಆ ಊಟ. ಪ್ಯಾಂಥರ್‌ಗಳಿಗೆ 504ನೇ ಸೆಕ್ಷನ್‌ನಿಂದ ನೇರವಾಗಿ ಬರುವುದು ಹೆಚ್ಚೇನೂ ಇರಲಿಲ್ಲ. ಆದರೆ ಒಳಗೆ ಕೂತವರಲ್ಲಿ ಬ್ರ್ಯಾಡ್ ಲೋಮ್ಯಾಕ್ಸ್ ಎಂಬವರಿದ್ದರು. ಗಾಲಿಕುರ್ಚಿ ಬಳಸುತ್ತಿದ್ದ ಅವರು ಪ್ಯಾಂಥರ್ ಪಕ್ಷದ ಸದಸ್ಯರೂ ಹೌದು. ಎರಡು ಗುಂಪುಗಳನ್ನು ಜೋಡಿಸಿದ್ದು ಯಾವ ಜಂಟಿ ಹೇಳಿಕೆಯೂ ಅಲ್ಲ, ಎರಡೂ ಕಡೆಗೆ ಸೇರಿದ ಒಬ್ಬ ಮನುಷ್ಯ. ಜನರ ಮೈತ್ರಿಗಳು ಬಹಳ ಸಲ ಹೀಗೇ ಹುಟ್ಟುತ್ತವೆ. ಅದಕ್ಕೆ ತದ್ವಿರುದ್ಧವಾದ ಒಂದು ಜಾತಿಯೂ ಇದೆ, ಸಂಘಟನೆಗಳಲ್ಲಿ ಓಡಾಡಿದವರೆಲ್ಲ ಕಂಡಿರುತ್ತಾರೆ: ಕರಪತ್ರದ ಕೆಳಗೆ ಇಪ್ಪತ್ತು ಸಂಸ್ಥೆಗಳ ಹೆಸರು, ಸಭೆಗೆ ಬಂದವರು ಏಳು ಜನ, ಅದರಲ್ಲಿ ಇಬ್ಬರು ಮೈಕ್‌ನವರು.

ಸದನದ ಮೈತ್ರಿಯೂ ಬೀದಿಯ ಮೈತ್ರಿಯೂ ಒಂದಕ್ಕೊಂದು ಸಂಧಿಸುವ ಗಳಿಗೆಗಳಲ್ಲಿ ನೀತಿ ಹುಟ್ಟುತ್ತದೆ. ಮಾಹಿತಿ ಹಕ್ಕು ಕಾಯ್ದೆಯ ಕಥೆ ಅದು. ರಾಜಸ್ಥಾನದಲ್ಲಿ ಕೂಲಿ ಲೆಕ್ಕ ಕೇಳುತ್ತಿದ್ದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1996ರ ಏಪ್ರಿಲ್‌ನಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತಿತು. ‘ನಮ್ಮ ಹಣ, ನಮ್ಮ ಲೆಕ್ಕ’ ಎಂಬುದು ಅವರ ಘೋಷಣೆ. ಅದೇ ವರ್ಷ ಪತ್ರಕರ್ತರು, ವಕೀಲರು, ಹೋರಾಟಗಾರರು ಸೇರಿ ರಾಷ್ಟ್ರಮಟ್ಟದ ಅಭಿಯಾನ ಕಟ್ಟಿದರು, ಕಾಯ್ದೆಯ ಕರಡೂ ತಯಾರಾಯಿತು. ಆದರೆ ಎಂಟು ವರ್ಷ ಗಟ್ಟಿ ಕಾನೂನು ಬರಲಿಲ್ಲ. 2004ರಲ್ಲಿ 145 ಸ್ಥಾನದ ಕಾಂಗ್ರೆಸ್‌ಗೆ ಮಿತ್ರಪಕ್ಷಗಳನ್ನೂ ಎಡಪಕ್ಷಗಳ ಬಾಹ್ಯ ಬೆಂಬಲವನ್ನೂ ಹಿಡಿದಿಡುವ ಒಂದು ಕಾಗದ ಬೇಕಾಯಿತು. ಸಾಮಾನ್ಯ ಕನಿಷ್ಠ ಕಾರ್ಯಕ್ರಮ ಹುಟ್ಟಿತು. ಮಾಹಿತಿ ಹಕ್ಕು, ಉದ್ಯೋಗ ಖಾತ್ರಿ ಎರಡೂ ಅದರೊಳಗೆ ಸೇರಿದವು. ಮಜ್ದೂರ್ ಕಿಸಾನ್ ಸಂಘಟನೆಯ ಅರುಣಾ ರಾಯ್ ಸರ್ಕಾರದ ರಾಷ್ಟ್ರೀಯ ಸಲಹಾ ಮಂಡಳಿಯ ಒಳಗೆ ಕೂತರು. 2005ರಲ್ಲಿ ಎರಡೂ ಕಾಯ್ದೆಗಳು ಬಂದವು. ಸ್ಪಷ್ಟ ಬಹುಮತದ ಸರ್ಕಾರವಿದ್ದಿದ್ದರೆ ಬರುತ್ತಿದ್ದವೇ? ನನಗೆ ಅನುಮಾನವಿದೆ. ಮೈತ್ರಿ ಸರ್ಕಾರ ದುರ್ಬಲ ಎಂದು ಮೂದಲಿಸುವವರು ಆ ದೌರ್ಬಲ್ಯದ ಬಿರುಕಿನಿಂದಲೇ ಒಳಬಂದ ಕಾನೂನುಗಳನ್ನು ಮರೆಯುತ್ತಾರೆ. ಕರಡು ಸಿದ್ಧವಾಗಿ ಕೈಯಲ್ಲಿದ್ದದ್ದೂ ಅಷ್ಟೇ ಮುಖ್ಯ. ಬಾಗಿಲು ತೆರೆದಾಗ ಬರಿಗೈಯಲ್ಲಿ ನಿಂತವರಿಗೆ ಏನೂ ದಕ್ಕುವುದಿಲ್ಲ.

ಅದೇ ಬಿರುಕಿನಿಂದ ಬೇರೆಯದೂ ಒಳಬರುತ್ತದೆ. ಮತ್ತೆ ಸ್ವೀಡನ್‌ಗೆ ಹೋಗೋಣ. 2021ರ ಆ 117 ಮತಗಳಲ್ಲಿ ಒಂದು ಅಮೀನೆ ಕಾಕಬಾವೆ ಅವರದು. ಎಡಪಕ್ಷದಿಂದ ಹೊರಬಂದಿದ್ದ ಕುರ್ದಿಶ್ ಮೂಲದ ಪಕ್ಷೇತರ ಸದಸ್ಯೆ. ಆಕೆ ವಿರುದ್ಧ ಮತ ಹಾಕಿದ್ದರೆ 175 ಆಗುತ್ತಿತ್ತು. ಆ ಮತಕ್ಕಾಗಿ ಆಡಳಿತ ಪಕ್ಷ, ಸಿರಿಯಾದ ಕುರ್ದಿಶ್ ಪಕ್ಷ ಪಿವೈಡಿಯೊಂದಿಗೆ ಸಹಕಾರ ಹೆಚ್ಚಿಸುವುದಾಗಿ ಲಿಖಿತ ಮಾತು ಕೊಟ್ಟಿತು. ಆಗ ಅದು ಒಳಮನೆಯ ವ್ಯವಹಾರದಂತೆ ಕಂಡಿರಬೇಕು. ಆರು ತಿಂಗಳಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿತ್ತು, ಸ್ವೀಡನ್ ನೇಟೊ ಮಿಲಿಟರಿ ಕೂಟ ಸೇರಲು ಅರ್ಜಿ ಹಾಕಿತ್ತು. ಪಿವೈಡಿಯನ್ನು ಭಯೋತ್ಪಾದಕರ ಕೂಟ ಎನ್ನುವ, ನೇಟೊ ಸದಸ್ಯ ದೇಶ ಟರ್ಕಿ ಅಡ್ಡ ನಿಂತಿತು. 2022ರ ಜೂನ್ 7ರಂದು ಕಾನೂನು ಸಚಿವರ ವಿರುದ್ಧ ಅವಿಶ್ವಾಸ ನಿರ್ಣಯ ಬಂದಾಗ ವಿರೋಧ ಪಕ್ಷಗಳಿಗೆ 174 ಮತ ಸಿಕ್ಕವು. ಕಾಕಬಾವೆ ತಟಸ್ಥರಾಗಿ ಸಚಿವರನ್ನು ಉಳಿಸಿದರು. ಮೂರು ವಾರದ ಬಳಿಕ, ಜೂನ್ 28ರಂದು ಮ್ಯಾಡ್ರಿಡ್‌ನಲ್ಲಿ, ಪಿವೈಡಿಗೆ ಬೆಂಬಲ ಕೊಡುವುದಿಲ್ಲ ಎಂದು ಸ್ವೀಡನ್ ಟರ್ಕಿಗೆ ಬರೆದುಕೊಟ್ಟಿತು.